ಅತ್ತೆಯ ಮೊಣಕಾಲು

ಎವಾಲ್ಡ್ ನಮ್ಮೂರಿನ ಬಣ್ಣದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಣ್ಣ ಮಾರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ತಾನು ಮಾರಿದ ಬಣ್ಣ ಎಲ್ಲೆಲ್ಲಿ ಹೋಗಿ ಅಂಟಿಕೊಂಡಿದೆಯೋ ಅದೆಲ್ಲ ತನ್ನದೇ ಎಂದು ತಿಳಿಯುವ ಕಾಯಿಲೆ ಅವನಿಗಿತ್ತು. ಚರ್ಚಿನ ಬಾಗಿಲನ್ನು ‘ನಮ್ಮ ಬಾಗಿಲು’ ಎನ್ನುತ್ತಿದ್ದ. ಅಂಚೆ ಕಚೇರಿಯ ಬೇಲಿಯ ಬಣ್ಣ ಮೊದಲ ಮಳೆಗೇ ಸಿಪ್ಪೆ ಎದ್ದಾಗ ಆ ಬೀದಿಯಲ್ಲಿ ತಲೆಯೆತ್ತಿ ನಡೆಯಲಾಗದೆ ಒಂದು ವಾರ ಸುತ್ತುಬಳಸಿ ಕೆಲಸಕ್ಕೆ ಹೋಗಿದ್ದ. ಅವನ ಪಕ್ಕದ ಮನೆಯವನಾದ ನಾನು ಇದನ್ನೆಲ್ಲ ಕಣ್ಣಾರೆ ಕಂಡವನು.

ಹೀಗಿರುವಾಗ ಊರಿನ ನಡಿಗೆ ಸಂಘದವರು ಗ್ರೋನ್‌ವಿಕ್ ಕೋಟೆಗೆ ಹೋಗುವ ಕಾಡುದಾರಿಗೆ ಗುರುತು ಹಾಕಲು ಹೊರಟರು. ದಾರಿಯುದ್ದಕ್ಕೂ ಮರಗಳಿಗೆ ಕಿತ್ತಳೆ ಬಣ್ಣದ ಬಳೆ ಬರೆಯಬೇಕು. ಬಣ್ಣ ಕೊಂಡದ್ದು ಎವಾಲ್ಡ್‌ನ ಅಂಗಡಿಯಲ್ಲಿ. ಡಬ್ಬಿಗಳನ್ನು ಕಟ್ಟಿಕೊಟ್ಟ ದಿನದಿಂದ ಆ ದಾರಿ ಅವನದಾಯಿತು. ‘ನನ್ನ ದಾರಿ’ ಎಂದು ಅವನು ಹೇಳುವುದನ್ನು ಕೇಳಿದರೆ, ಅವನ ಅಜ್ಜನೇ ಕೊಡಲಿ ಹಿಡಿದು ಅದನ್ನು ಕಡಿದನೇನೋ ಅನ್ನಿಸಬೇಕು. ಆ ದಾರಿಯಲ್ಲಿ ಅವನು ಒಂದು ಸಲವೂ ನಡೆದಿರಲಿಲ್ಲ ಎಂಬುದು ಬೇರೆ ವಿಷಯ.

ಈ ಜಂಬ ಯಾರಿಗಾಗಿ ಎಂಬುದು ನನಗೆ ಗೊತ್ತಿತ್ತು. ಅವನ ಮನೆಯಲ್ಲೇ ಇದ್ದ ಅತ್ತೆ, ಹೆಂಡತಿಯ ತಾಯಿ ಟೂರಾ ಅವರಿಗಾಗಿ.

ಅಷ್ಟು ಹೊತ್ತಿಗೆ ನಮ್ಮ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ‘ನೀನು’ ಎನ್ನಲು ಶುರುಮಾಡಿ ಕೆಲವು ವರ್ಷಗಳಾಗಿದ್ದವು. ಡಾಕ್ಟರು ನೀನು, ಪಾದ್ರಿ ನೀನು, ಮಂತ್ರಿಯೂ ನೀನು. ಟೂರಾ ಮಾತ್ರ ಈ ಹೊಸ ಗಾಳಿಗೆ ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಅಳಿಯ ಅವರ ಮುಂದೆಯೇ ಕೂತಿದ್ದರೂ ಯಾರೋ ಮೂರನೆಯವರ ಸುದ್ದಿ ಹೇಳುವಂತೆ ಮಾತಾಡಬೇಕು. “ಅತ್ತೆಗೆ ಇನ್ನೊಂದು ಲೋಟ ಕಾಫಿ ಬೇಕೇನೋ?” “ಅತ್ತೆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ರಾ?” ಮದುವೆಯಾದಾಗ ತಲೆ ತುಂಬ ಇದ್ದ ಅವನ ಕೂದಲು ಈಗ ಕಿವಿಗಳ ಪಕ್ಕಕ್ಕೆ ಸರಿದಿತ್ತು. ಆದರೂ ಅತ್ತೆಯನ್ನು ‘ನೀನು’ ಎನ್ನುವ ಅಪ್ಪಣೆ ಅವನಿಗೆ ಸಿಕ್ಕಿರಲಿಲ್ಲ.

ಒಂದು ಸಂಜೆ ಬೇಲಿಯ ಮೇಲೆ ಮೊಣಕೈ ಊರಿ ಅವನು ನನಗೆ ಹೇಳಿದ್ದ: “ಒಂದ್ಸಲ ‘ಟೂರಾ ಅನ್ನೋ’ ಅಂದ್ರೆ ಸಾಕು ಮಾರಾಯ. ನಾನು ಮನುಷ್ಯ ಅಂತ ಒಪ್ಕೊಂಡ್ರು ಅಂದ್ಕೊಳ್ತೀನಿ.”

“ಅಣಬೆ ಜಾಗ?” ಅಂದೆ ನಾನು.

“ಅಷ್ಟು ದುರಾಸೆ ಇಲ್ಲ ನಂಗೆ” ಎಂದು ಅವನು ನಿಟ್ಟುಸಿರುಬಿಟ್ಟ.

ಅಣಬೆಯ ವಿಷಯವನ್ನು ಹೇಳಲೇಬೇಕು. ನಮ್ಮಲ್ಲಿ ಒಬ್ಬರ ಸಂಬಳ ಕೇಳುವುದು ತಪ್ಪು. ಯಾರಿಗೆ ಓಟು ಹಾಕಿದಿರಿ ಎಂದು ಕೇಳುವುದು ಇನ್ನೂ ದೊಡ್ಡ ತಪ್ಪು. ಕಾಡಿನಲ್ಲಿ ಹಳದಿ ಅಣಬೆ ನಿಮಗೆ ಎಲ್ಲಿ ಸಿಗುತ್ತದೆ ಎಂದು ಕೇಳಿದವನನ್ನು ಮಾತ್ರ ಮತ್ತೆ ಯಾರೂ ಕಾಫಿಗೆ ಕರೆಯುವುದಿಲ್ಲ. ಆ ಜಾಗವನ್ನು ಸಾಯುವ ಹೊತ್ತಿಗೆ ಹೇಳುವುದು ವಾಡಿಕೆ. ಆಗಲೂ ಬಾಯಿ ಬಿಡದೆ ಸತ್ತವರಿದ್ದಾರೆ, ಅವರ ಮಕ್ಕಳು ಅಳುತ್ತಲೇ ಸ್ವಲ್ಪ ಬೈದದ್ದನ್ನೂ ನಾನು ಕೇಳಿದ್ದೇನೆ. ಟೂರಾ ಪ್ರತಿ ವರ್ಷ ಬೇಸಿಗೆಯ ಕೊನೆಗೆ ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು ಬೆಳಿಗ್ಗೆ ಮಾಯವಾಗುತ್ತಿದ್ದರು, ಮಧ್ಯಾಹ್ನ ಬುಟ್ಟಿ ಭಾರವಾಗಿ ಬರುತ್ತಿತ್ತು. ಮಗಳು ಗುಲ್ಲಿಗೂ ಅವರು ಜಾಗ ಹೇಳಿರಲಿಲ್ಲ. ಗುಲ್ಲಿಗೆ ಒಂದು ಮಾತು ಹೇಳಿದರೆ ಅದು ಬೀದಿಯ ತುದಿ ಮುಟ್ಟಲು ಒಂದು ಕಾಫಿಯ ಹೊತ್ತು ಸಾಕು.

ಇಂಥ ಅತ್ತೆಯನ್ನು ಗೆಲ್ಲಲು ಎವಾಲ್ಡ್ ಒಂದು ಉಪಾಯ ಹೂಡಿದ. ಟೂರಾ ಹುಡುಗಿಯಾಗಿದ್ದಾಗ ಗ್ರೋನ್‌ವಿಕ್ ಕೋಟೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ಕೋಟೆಯನ್ನು ಮತ್ತೊಮ್ಮೆ ನೋಡಬೇಕು, ಅದೂ ನಡೆದುಕೊಂಡೇ ಹೋಗಿ ನೋಡಬೇಕು ಎಂದು ಆಗಾಗ ಹೇಳುತ್ತಿದ್ದರು. ಸೆಪ್ಟೆಂಬರಿನ ಆ ಭಾನುವಾರ ಕೋಟೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೇ ತಿಂಗಳಿಗೆ. ಕೊನೆಯ ಸುತ್ತು ಎರಡು ಗಂಟೆಗೆ.

“ಅತ್ತೆಯನ್ನ ನಾನು ಕರ್ಕೊಂಡು ಹೋಗ್ತೀನಿ. ನನ್ನ ದಾರೀಲಿ” ಎಂದು ಎವಾಲ್ಡ್ ಘೋಷಿಸಿದ.

“ನೋಡೋಣ” ಅಂದರು ಟೂರಾ.

ಸುದ್ದಿ ಗುಲ್ಲಿಯ ಬಾಯಿಗೆ ಬಿದ್ದ ಮೇಲೆ ಬೀದಿಯೇ ಹೊರಟಿತು ಎನ್ನಬೇಕು. ಎದುರು ಮನೆಯ ಸೀವ್ ಬಂದಳು. ಅವಳು ಊರಿನ ಎಲ್ಲ ಸಂಘಗಳಲ್ಲೂ ಕಾರ್ಯದರ್ಶಿ. ಮೂಲೆ ಮನೆಯ ಹೆನ್ನಿಂಗ್ ಬಂದ. ಅವನು ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತನಾದವನು, ಈಗಲೂ ಯಾರ ಕೈಯಲ್ಲಿ ಚೀಲ ಕಂಡರೂ ಅದರ ತಳ ನೋಡುತ್ತಾನೆ. ನಾನೂ ಹೊರಟೆ. ಸೀವ್ ನಕ್ಷೆ ತಂದಿದ್ದಳು.

“ಅದ್ಯಾಕೆ?” ಅಂದ ಎವಾಲ್ಡ್. “ಮನೆ ಯಜಮಾನ ಜೊತೇಲಿರುವಾಗ ಮನೆ ನಕ್ಷೆ ಯಾರಾದ್ರೂ ಹಿಡ್ಕೊಂಡು ಓಡಾಡ್ತಾರಾ?”

ಸೀವ್ ಮುಖ ಸಿಂಡರಿಸಿಕೊಂಡು ನಕ್ಷೆಯನ್ನು ಮನೆಗೆ ಹೋಗಿ ಇಟ್ಟು ಬಂದಳು. ಫ್ಲಾಸ್ಕುಗಳಲ್ಲಿ ಕಾಫಿ, ಡಬ್ಬಿಗಳಲ್ಲಿ ದಾಲ್ಚಿನ್ನಿ ಬನ್ನು ತುಂಬಿಕೊಂಡು, ಕೂರುವುದಕ್ಕೆ ಒಂದೊಂದು ಮೆತ್ತೆಯನ್ನು ಚೀಲಕ್ಕೆ ಕಟ್ಟಿಕೊಂಡು ನಾವು ಕಾಡು ಹೊಕ್ಕೆವು.

ಮೊದಲ ಅರ್ಧ ಗಂಟೆ ಎವಾಲ್ಡ್‌ನ ಜೀವನದ ಅತ್ಯುತ್ತಮ ಅರ್ಧ ಗಂಟೆ. ಪ್ರತಿ ಬಳೆಯ ಮುಂದೆ ನಿಂತು ಮರವನ್ನು ತಟ್ಟುತ್ತಿದ್ದ. “ಎರಡು ಕೋಟು. ಮೂವತ್ತು ವರ್ಷ ಅಲ್ಲಾಡಲ್ಲ.” ಎಂಟನೆಯ ಮರಕ್ಕೋ ಒಂಬತ್ತನೆಯದಕ್ಕೋ ಹೆನ್ನಿಂಗ್ ಕೇಳಿದ: “ಮರ ಮೂವತ್ತು ವರ್ಷ ಇರುತ್ತಾ?” ಎವಾಲ್ಡ್ ಮುಂದಿನ ಮರದ ಕಡೆ ಹೊರಟ.

ಆಮೇಲೆ ದಾರಿ ಎರಡಾಗಿ ಒಡೆಯಿತು. ಬಲಗಡೆಯದು ಹಳೆಯ ಗಿರಣಿಯ ಕಡೆ ಇಳಿಯುತ್ತಿತ್ತು, ಎಡಗಡೆಯದು ಫರ್ ಮರಗಳೊಳಗೆ ನುಗ್ಗುತ್ತಿತ್ತು. ಎವಾಲ್ಡ್ ಬಲಗಡೆಗೆ ಕೈ ಎತ್ತಿದ್ದೇ ತಡ, ಟೂರಾ ಮೊಣಕಾಲು ಹಿಡಿದುಕೊಂಡರು.

“ಇಳಿಜಾರು ಅಂದ್ರೆ ನನ್ನ ಮೊಣಕಾಲಿಗೆ ಆಗಲ್ಲ. ಎಡಕ್ಕೆ ಹೋಗು ಅಂತಿದೆ.”

“ಎಡಕ್ಕೂ ನನ್ನ ದಾರಿ ಇದೆ” ಎಂದುಬಿಟ್ಟ ಎವಾಲ್ಡ್. ಅತ್ತೆಯ ಮೊಣಕಾಲು ಕೇಳಿದ್ದರೆ ಅವನು ಕೆರೆಯ ಮೇಲೂ ದಾರಿ ಇದೆ ಅನ್ನುತ್ತಿದ್ದ.

ಎಡಕ್ಕೆ ಹೋದ ಮೇಲೆ ಬಹಳ ಹೊತ್ತು ಬಳೆಯೇ ಕಾಣಲಿಲ್ಲ. ಎವಾಲ್ಡ್‌ನ ಕತ್ತು ಗೂಬೆಯ ಹಾಗೆ ಸುತ್ತುತ್ತಿತ್ತು. ಕೊನೆಗೆ ಒಂದು ಮರದ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಕಂಡಿತು. ಅಲ್ಲಿಂದ ಮುಂದಿನ ಮರದ ಮೇಲೆ ಇನ್ನೊಂದು. ಅವನ ಮುಖಕ್ಕೆ ಜೀವ ಬಂತು.

“ಬಳೆ ಯಾಕಿಲ್ಲ? ಬರೀ ಚುಕ್ಕೆ ಇದೆಯಲ್ಲ” ಅಂದಳು ಸೀವ್.

“ಡಬ್ಬಿಯ ತಳ ಕಂಡಾಗ ಬಳೆ ಎಲ್ಲಿಂದ ಬರೀತಾರೆ? ಚುಕ್ಕೆ ಇಟ್ಟು ಮುಗಿಸ್ತಾರೆ. ಬಣ್ಣದವರಿಗೆ ಗೊತ್ತಿರೋ ವಿಷಯ ಇದು.”

ಬಣ್ಣದವರಿಗೆ ಎದುರು ಹೇಳಲು ನಮಗೆ ಬಣ್ಣದ ಜ್ಞಾನವಿರಲಿಲ್ಲ. ಚುಕ್ಕೆಯಿಂದ ಚುಕ್ಕೆಗೆ ನಡೆದೆವು. ಕಡಿದ ಮರದ ಒಂದು ದೊಡ್ಡ ಬುಡದ ಹತ್ತಿರ ಕೂತು ಕಾಫಿ ಕುಡಿದೆವು. ಹೆನ್ನಿಂಗ್ ಬೇಯಿಸಿದ ಮೊಟ್ಟೆ ತಿಂದು, ಮಣ್ಣಿಗೆ ಒಳ್ಳೆಯದು ಎಂದು ಸಿಪ್ಪೆಯನ್ನು ಬುಡದ ಮೇಲೆ ಒಟ್ಟುಮಾಡಿ ಇಟ್ಟ. ಮತ್ತೆ ನಡೆದೆವು. ಜೌಗು ದಾಟಿದೆವು, ಬಂಡೆ ಹತ್ತಿದೆವು, ಇಳಿದೆವು. ಎವಾಲ್ಡ್ ಕೋಟೆಯ ಚರಿತ್ರೆ ಹೇಳುತ್ತ ಮುಂದೆ ಹೋಗುತ್ತಿದ್ದ. ಒಂದು ದೊಡ್ಡ ಬುಡ ಬಂತು. ಅದರ ಮೇಲೆ ಮೊಟ್ಟೆಯ ಸಿಪ್ಪೆ ಇತ್ತು.

ನಮ್ಮ ಜನಕ್ಕೆ ಬೇರೆಯವರ ಮಾನ ಹೋಗುವುದನ್ನು ನೋಡಲು ಬಹಳ ಸಂಕೋಚ. ಎಲ್ಲರೂ ಮೇಲೆ ನೋಡಿ, ಮೋಡ ಬರಬಹುದೇ ಎಂದು ಚರ್ಚೆ ಮಾಡಿದೆವು. ಎವಾಲ್ಡ್ ನನ್ನ ತೋಳು ಹಿಡಿದು ಪೊದೆಯ ಹಿಂದಕ್ಕೆ ಎಳೆದುಕೊಂಡು ಹೋದ. ಅವನ ಮುಖ ಮೊಟ್ಟೆಯ ಸಿಪ್ಪೆಯಷ್ಟೇ ಬಿಳುಪಾಗಿತ್ತು.

“ಕೆಟ್ಟೆ ಕಣೋ. ಇದು ದಾರಿಯ ಗುರುತಲ್ಲ. ಮರ ಕಡಿಯೋ ಕಂಪನಿಯೋರದ್ದು. ಕಡಿಯೋ ಜಾಗದ ಗಡಿಗೆ ಸುತ್ತಲೂ ಚುಕ್ಕೆ ಇಡ್ತಾರೆ. ಅದಕ್ಕೇ ಸುತ್ತಿದ್ದೇ ಸುತ್ತುತ್ತಿದೀವಿ.”

“ನಿನಗೆ ಈಗ ಹೇಗೆ ಗೊತ್ತಾಯ್ತು?”

“ಅವರಿಗೂ ನಾನೇ ಬಣ್ಣ ಮಾರಿದ್ದು.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಹೋಗಿ ದಾರಿ ತಪ್ಪಿದೆ ಅಂತ ಹೇಳಿಬಿಡು” ಅಂದೆ.

“ಅತ್ತೆ ಮುಂದೆಯಾ? ಇನ್ನು ಸಾಯೋವರೆಗೂ ‘ಅತ್ತೆಗೆ ಕಾಫಿ ಬೇಕೇನೋ’ ಅನ್ಕೊಂಡೇ ಇರ್ಬೇಕು ನಾನು.”

ನಾವು ಪೊದೆಯ ಹಿಂದೆ ಪಿಸುಗುಟ್ಟಿದ್ದು ಅತ್ತ ಬೇರೆಯೇ ಕೆಲಸ ಮಾಡಿತು. ಮರಳಿ ಬಂದಾಗ ಸೀವ್ ಮತ್ತು ಹೆನ್ನಿಂಗ್ ತಲೆಗೆ ತಲೆ ಕೊಟ್ಟು ನಿಂತಿದ್ದರು. ಹೆನ್ನಿಂಗ್ ನನ್ನನ್ನು ಪಕ್ಕಕ್ಕೆ ಕರೆದ.

“ಬಂದರಲ್ಲಿ ಇಂಥದ್ದು ಎಷ್ಟು ನೋಡಿಲ್ಲ ನಾನು. ಮಾಲು ಎಲ್ಲಿದೆಯೋ ಆ ಜಾಗದ ಹತ್ತಿರ ಹಡಗು ಬರೋದೇ ಇಲ್ಲ, ಸುತ್ತು ಹೊಡೀತಾ ಇರುತ್ತೆ. ಅವನ ಹಳದಿ ಅಣಬೆ ಜಾಗ ಇಲ್ಲೇ ಇದೆ. ನಾವು ನೋಡಬಾರದು ಅಂತ ಸುತ್ತಿಸ್ತಿದಾನೆ.”

“ಎಂಥ ಆಳ ಈ ಮನುಷ್ಯಂದು” ಅಂದಳು ಸೀವ್. ಎವಾಲ್ಡ್‌ನನ್ನು ಅವಳು ಅಷ್ಟು ಗೌರವದಿಂದ ನೋಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಅವನಿಗೆ ದಾರಿ ತಪ್ಪಿದೆ ಎಂದು ನಾನು ಹೇಳಬಹುದಿತ್ತು. ಗೆಳೆಯನ ಮಾನ ದೊಡ್ಡದೆಂದು ಸುಮ್ಮನಿದ್ದೆ. ಅಷ್ಟರಲ್ಲಿ ಗುಲ್ಲಿಯ ಕಿವಿಗೂ ಬಿದ್ದಿತ್ತು. ಅವಳು ಗಂಡನ ಮುಂದೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಇಷ್ಟು ವರ್ಷ ನಿನ್ನ ಕಾಲುಚೀಲ ಒಗೆದಿದೀನಿ. ನನ್ನ ಹತ್ರಾನೂ ಮುಚ್ಚಿಡ್ತೀಯಾ?”

“ಏನನ್ನ?” ಅಂದ ಎವಾಲ್ಡ್, ಪಾಪ.

“ನೋಡಿ, ನೋಡಿ. ಮುಖ ನೋಡಿದ್ರೆ ಏನೂ ಗೊತ್ತಿಲ್ಲದವನ ಹಾಗಿದಾನೆ” ಎಂದು ಗುಲ್ಲಿ ನಮ್ಮ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಜಾಸ್ತಿ ಇತ್ತು.

ಅಲ್ಲಿಂದ ನಡಿಗೆಯ ಚೆಂದ ನೋಡಬೇಕಿತ್ತು. ಹತ್ತು ಹೆಜ್ಜೆಗೊಮ್ಮೆ ಸೀವ್‌ಳ ಬೂಟಿನ ದಾರ ಬಿಚ್ಚಿಹೋಗುತ್ತಿತ್ತು. ಕಟ್ಟಿಕೊಳ್ಳಲು ಅವಳು ಮರಗಳಾಚೆ ಹೋಗಿ, ಕೋಲಿನಿಂದ ಪಾಚಿ ಕೆದಕುತ್ತಿದ್ದಳು. ಹೆನ್ನಿಂಗ್‌ಗೆ ಹಕ್ಕಿಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಆದರೆ ಹಕ್ಕಿ ನೋಡುವವನು ನೆಲದ ಮೇಲೆ ನಾಲ್ಕು ಕಾಲಲ್ಲಿ ಯಾಕೆ ಹೋಗಬೇಕು? ಒಂದು ಫರ್ ಮರದ ಕೆಳಗೆ ಅವನ ಹಿಂಭಾಗ ಮಾತ್ರ ಕಾಣುತ್ತಿತ್ತು. ಗುಲ್ಲಿ ಮೂರು ಸಲ ಮೂತ್ರಕ್ಕೆ ಹೋದಳು. ಎವಾಲ್ಡ್ ತಾಯಿ ಬಾತುಕೋಳಿಯಂತೆ ಹಿಂದೆ ಮುಂದೆ ಓಡಾಡುತ್ತ, ಕಳೆದುಹೋದವರನ್ನು ಕೂಗುತ್ತಿದ್ದ. ಅವನು ಹೆಚ್ಚು ಗಾಬರಿಯಾದಷ್ಟೂ ಜಾಗ ಹತ್ತಿರ ಬಂತೆಂದು ಇವರು ಹೆಚ್ಚು ಹುಡುಕುತ್ತಿದ್ದರು.

ಹೆನ್ನಿಂಗ್ ಕೊನೆಗೆ ಒಂದು ಅಣಬೆ ಹಿಡಿದು ಗೆದ್ದವನಂತೆ ಹೊರಗೆ ಬಂದ. ಟೂರಾ ಅದನ್ನು ಕೋಲಿನ ತುದಿಯಿಂದ ತಿರುಗಿಸಿ ನೋಡಿದರು.

“ತಿನ್ನು, ತಿನ್ನು. ಸರ್ಕಾರಕ್ಕೆ ನಿನ್ನ ಪಿಂಚಣಿ ಉಳಿಯುತ್ತೆ.”

ಗಂಟೆ ಒಂದು ದಾಟಿತು. ಕೋಟೆಯ ಬಾಗಿಲು ಅತ್ತೆಯ ಮುಖದ ಮೇಲೆ ಮುಚ್ಚುವುದು ಎವಾಲ್ಡ್‌ಗೆ ಕಣ್ಣಿಗೆ ಕಟ್ಟಿದಂತೆ ಕಂಡಿರಬೇಕು. ಅವನು ಒಂದು ಬಂಡೆ ಹತ್ತಿ ಟೋಪಿ ತೆಗೆದ.

“ನಾನೊಂದು ಮಾತು ಹೇಳ್ಬೇಕು. ಅತ್ತೆ ಕೋಟೆ ನೋಡ್ಬೇಕು ಅಂತ ಆಸೆಯಿಂದ ಬಂದ್ರು, ಅವರ ಆಸೆ ನನ್ನಿಂದ ಹಾಳಾಗ್ಬಾರದು. ನಂಗೆ ಏನೂ ಗೊತ್ತಿಲ್ಲ. ಈ ಕಾಡು ನಂಗೆ ಗೊತ್ತಿಲ್ಲ. ನಾವು ಎಲ್ಲಿದೀವಿ ಅಂತಾನೂ ಗೊತ್ತಿಲ್ಲ.”

ಇಷ್ಟು ಸತ್ಯವನ್ನು ಅವನು ಒಟ್ಟಿಗೆ ಹೇಳಿದ್ದು ಅದೇ ಮೊದಲಿರಬೇಕು. ನನಗೆ ಕಣ್ಣು ಒದ್ದೆಯಾಯಿತು. ಸೀವ್ ಮೆಲ್ಲಗೆ ಚಪ್ಪಾಳೆ ತಟ್ಟಿದಳು.

“ಗೊತ್ತಿಲ್ಲ ಅಂತಾನೇ ಹೇಳ್ಬೇಕು, ಸರಿಯಾಗಿದೆ. ನಮ್ಮಪ್ಪನೂ ಹೀಗೇ ಅಂತಿದ್ರು.”

“ಸುಂಕದ ಕಟ್ಟೇಲಿ ಇಂಥವನೊಬ್ಬ ಸಿಕ್ಕಿದ್ರೆ ನಾನು ಸೋತುಹೋಗ್ತಿದ್ದೆ” ಅಂದ ಹೆನ್ನಿಂಗ್.

ಎವಾಲ್ಡ್ ಟೋಪಿ ಹಾಕಿಕೊಂಡು ಬಂಡೆಯಿಂದ ಇಳಿದ. ಟೂರಾ ಮಾತ್ರ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಅಳಿಯನನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮೊಣಕಾಲು ತಟ್ಟಿಕೊಂಡರು.

“ಈಗ ಇದು ಬಲಕ್ಕೆ ಹೋಗು ಅಂತಿದೆ.”

“ಅಲ್ಲಿ ಇಳಿಜಾರಿದೆ, ಅತ್ತೆಗೆ ಆಗುತ್ತಾ?”

“ಹಸಿವಾದಾಗ ಆಗುತ್ತೆ” ಅಂದರು ಟೂರಾ.

ಮೊಣಕಾಲು ಮುಂದೆ, ನಾವು ಹಿಂದೆ. ಒಂದು ಬೇಲಿ ದಾಟಿದೆವು, ಹಸುಗಳ ನಡುವೆ ಹಾದೆವು, ಬರ್ಚ್ ಮರಗಳ ಸಾಲು ಮುಗಿಯಿತು. ಎದುರಿಗೆ ಸರೋವರದ ದಂಡೆಯಲ್ಲಿ ಗ್ರೋನ್‌ವಿಕ್ ಕೋಟೆ ಬಿಳಿಯಾಗಿ ಹೊಳೆಯುತ್ತ ನಿಂತಿತ್ತು. ಎರಡು ಗೋಪುರಗಳ ಮೇಲೂ ಬಿಸಿಲು ಬಿದ್ದಿತ್ತು. ಎವಾಲ್ಡ್‌ಗೆ ಆದ ಸಂತೋಷ ಕೋಟೆಯನ್ನು ಗೆದ್ದ ರಾಜನಿಗೂ ಆಗಿರಲಿಕ್ಕಿಲ್ಲ. “ಗೋಪುರದ ಬಿಳಿ ಬಣ್ಣ...” ಎಂದು ಶುರುಮಾಡಿದವನು ನನ್ನ ಮುಖ ನೋಡಿ ನಿಲ್ಲಿಸಿದ.

ಕೊನೆಯ ಸುತ್ತಿಗೆ ಸರಿಯಾಗಿ ಒಳಗೆ ಹೋದೆವು. ಕೋಟೆ ತೋರಿಸುವ ಹುಡುಗಿ ಪಾಪ ಒಳ್ಳೆಯವಳು. ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಹೇಳಿದಳು: “ಶತ್ರುಗಳು ಈ ಕೋಟೆಯ ಒಡೆಯ ಬ್ಯಾರನ್‌ನ ಇಲ್ಲೇ ಕಟ್ಟಿಹಾಕಿದ್ರು. ಬೆಳ್ಳಿ ಎಲ್ಲಿ ಹೂತಿದೀಯ ಅಂತ ಹಿಂಸೆ ಕೊಟ್ರು. ಆತ ಕೊನೇವರೆಗೂ ಬಾಯಿ ಬಿಡಲಿಲ್ಲ.”

ನಮ್ಮವರೆಲ್ಲ ಒಟ್ಟಿಗೆ ಎವಾಲ್ಡ್ ಕಡೆ ತಿರುಗಿದರು. ಹುಡುಗಿಯೂ ತಿರುಗಿದಳು. “ಇವರು ಆ ವಂಶದವರಾ?” ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

ಅಡುಗೆಮನೆಯಲ್ಲಿ ಟೂರಾ ಒಬ್ಬರೇ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಅದರ ಕಬ್ಬಿಣದ ಕಂಬಿಯನ್ನು ಒರೆಸಿ, ಬೆರಳಿಗೆ ಧೂಳು ಅಂಟಿತೇ ಎಂದು ನೋಡಿಕೊಂಡರು. ಅಂಟಿತ್ತು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮತ್ತೆಂದೂ ಕಂಡಿಲ್ಲ.

ಆಮೇಲೆ ಕೋಟೆಯ ಕಾಫಿ ಅಂಗಡಿಯಲ್ಲಿ ನಿಜವಾದ ಹಿಂಸೆ ಶುರುವಾಯಿತು. ಸೀವ್ ತನ್ನ ಪಾಲಿನ ಹಸಿರು ಕೇಕನ್ನು ಎವಾಲ್ಡ್‌ನ ತಟ್ಟೆಗೆ ದೂಡಿದಳು.

“ಜಾಗ ಕೇಳ್ತಿಲ್ಲ ನಾನು, ಛೆ. ಸುಮ್ನೆ, ಕಾಡಿನ ಯಾವ ಕಡೆ ಗಾಳಿ ಚೆನ್ನಾಗಿರುತ್ತೆ ಅಂತ.”

“ನಂಗೊತ್ತಿಲ್ಲ” ಅಂದ ಎವಾಲ್ಡ್, ಕೇಕ್ ತಿನ್ನುತ್ತ.

“ಭಾನುವಾರಗಳಲ್ಲಿ ನನ್ನ ದೋಣಿ ತಗೊಂಡು ಹೋಗು. ಬೇಸಿಗೆ ಪೂರ್ತಿ” ಅಂದ ಹೆನ್ನಿಂಗ್. ಅವನು ಆ ದೋಣಿಯನ್ನು ತನ್ನ ಹೆಂಡತಿಗೂ ಮುಟ್ಟಲು ಬಿಟ್ಟವನಲ್ಲ.

“ಆಣೆಗೂ ಗೊತ್ತಿಲ್ಲ ಹೆನ್ನಿಂಗ್.”

“ಬೀದಿ ಸಂಘಕ್ಕೆ ನಿನ್ನನ್ನೇ ಅಧ್ಯಕ್ಷ ಮಾಡ್ತೀವಿ” ಅಂದಳು ಸೀವ್. ಬಣ್ಣದ ಅಂಗಡಿಯ ಎವಾಲ್ಡ್ ಇಪ್ಪತ್ತು ವರ್ಷ ಕನಸು ಕಂಡ ಕುರ್ಚಿ ಅದು. ಏನಾದರೊಂದು ಜಾಗದ ಹೆಸರು ಬಾಯಿಗೆ ಬಂದದ್ದು ಹೇಳಿದ್ದರೂ ಕುರ್ಚಿ ಅವನದಾಗುತ್ತಿತ್ತು. ಅವನು ಅತ್ತೆಯ ಕಡೆ ನೋಡಿದ, ಚಮಚ ಕೆಳಗಿಟ್ಟ.

“ಹೇಳೋಕೆ ನನ್ನ ಹತ್ರ ಏನೂ ಇಲ್ಲ.”

ಟೂರಾ ತಮ್ಮ ಕಾಫಿಯನ್ನು ಪೂರ್ತಿ ಕುಡಿದು ಎದ್ದರು. ಊರಿಗೆ ಹೋಗುವ ಬಸ್ಸು ಅಂಗಳಕ್ಕೆ ಬಂದಿತ್ತು. ನಾವೆಲ್ಲ ಹತ್ತಿದೆವು. ಅವರು ಮಾತ್ರ ಮೆಟ್ಟಿಲ ಹತ್ತಿರ ನಿಂತುಬಿಟ್ಟರು.

“ನನ್ನ ಮೊಣಕಾಲು ನಡ್ಕೊಂಡೇ ಹೋಗ್ಬೇಕು ಅಂತಿದೆ. ಅಳಿಯ, ನೀನು ಇಳಿ.”

“ನಾನೂ ಬರ್ತೀನಿ” ಎಂದು ಎದ್ದೆ.

“ನೀನು ಕೂರು” ಅಂದರು ಟೂರಾ. ಕೂತೆ. ಬಸ್ಸು ತಿರುಗಿದಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಮುದುಕಿ ಆ ಮೊಣಕಾಲಿನಲ್ಲೇ, ಬೆಳಿಗ್ಗೆ ತಾವೇ ಬೇಡವೆಂದ ಹಳೆಯ ಗಿರಣಿಯ ಕಡೆಯ ಏರು ಹತ್ತುತ್ತಿದ್ದರು. ಎವಾಲ್ಡ್ ಏದುಸಿರುಬಿಡುತ್ತ ಹಿಂದೆ ಬೀಳುತ್ತಿದ್ದ.

ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ವಾಸನೆ. ಬೆಣ್ಣೆಯಲ್ಲಿ ಹಳದಿ ಅಣಬೆ ಹುರಿಯುವ ವಾಸನೆ. ಎವಾಲ್ಡ್‌ನ ಅಡುಗೆಮನೆಯ ಕಿಟಕಿ ತೆರೆದಿತ್ತು. ಬೀದಿಯಲ್ಲಿ ಸೀವ್ ಪೊರಕೆ ಹಿಡಿದು ಒಂದೇ ಕಡೆ ಗುಡಿಸುತ್ತ ನಿಂತಿದ್ದಳು. ಹೆನ್ನಿಂಗ್ ಮೂಲೆಯಲ್ಲಿ ಮೂಗು ಮೇಲೆತ್ತಿ ನಿಂತಿದ್ದ. ಆಗ ಕಿಟಕಿಯಿಂದ ಎವಾಲ್ಡ್‌ನ ದನಿ ಕೇಳಿತು.

“ಟೂರಾ, ಉಪ್ಪು ಎಲ್ಲಿಟ್ಟಿದೀಯ?”

ಸೀವ್‌ಳ ಪೊರಕೆ ನಿಂತಿತು. ಉಪ್ಪು ಎಲ್ಲಿದೆ ಎಂದು ಟೂರಾ ಏನೂ ಆಗದವರಂತೆ ಹೇಳುವುದೂ ಕೇಳಿಸಿತು. ನನಗೆ ಓಡಿಹೋಗಿ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಎವಾಲ್ಡ್ ತೋಟಕ್ಕೆ ಬಂದಾಗ ಬೇಲಿಗೆ ಒರಗಿ ಕೇಳಿಯೇ ಬಿಟ್ಟೆ. ಗೆಳೆಯರಲ್ಲಿ ಏನು ತಪ್ಪು? “ಎಲ್ಲೋ ಸಿಕ್ತು?”

ಅವನು ನನ್ನನ್ನು ಪ್ರೀತಿಯಿಂದ ನೋಡಿದ. “ದಾರಿ ತಪ್ಪಿದ್ವಿ ಮಾರಾಯ. ಎಲ್ಲೋ ಸಿಕ್ತು.”

ಇಷ್ಟು ವರ್ಷದ ಸ್ನೇಹಕ್ಕೆ ಇದು ಬಹುಮಾನ. ಸಿಟ್ಟು ಬಂತು. ಅವನು ಒಳಗೆ ಹೋದ ಮೇಲೆ, ಮೆಟ್ಟಿಲ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದ ಟೂರಾ ಅವರ ಹತ್ತಿರ ಹೋದೆ.

“ಹೆತ್ತ ಮಗಳಿಗೆ ತೋರಿಸದ ಜಾಗನ ಇವನಿಗೆ ತೋರಿಸಿದ್ರಲ್ಲ?”

“ಕೋಟೇಲಿ ನೋಡಿದೆಯಲ್ಲ. ಅಧ್ಯಕ್ಷನ ಕುರ್ಚಿ ಕೊಡ್ತೀನಿ ಅಂದ್ರೂ ಅವನ ಬಾಯಿಂದ ಒಂದು ಮಾತು ಬರಲಿಲ್ಲ.”

“ಅವನಿಗೆ ಗೊತ್ತೇ ಇರಲಿಲ್ಲವಲ್ಲ.”

“ನಂಗೊತ್ತಿಲ್ವಾ ಅದು?” ಟೂರಾ ಎರಡೂ ಮೊಣಕಾಲುಗಳನ್ನು ಸಲೀಸಾಗಿ ಮಡಿಸಿ ಎದ್ದು ನಿಂತರು. “ಬೇರೆ ಯಾರಿಗಾದ್ರೂ ಒಂದ್ಸಲ ತೋರಿಸಿದ್ರೆ ಸಾಕು, ಮುಂದಿನ ವರ್ಷ ನನ್ನ ಬಿಟ್ಟು ಅವರೇ ಹೋಗ್ತಾರೆ. ಇವನು ಮಾತ್ರ ಎಷ್ಟು ಸಲ ನೋಡಿದ್ರೂ ಪ್ರತಿ ವರ್ಷ ನನ್ನನ್ನ ಕರ್ಕೊಂಡೇ ಹೋಗ್ಬೇಕು.”

ಅಷ್ಟರಲ್ಲಿ ಒಳಗಿಂದ ಮತ್ತೆ ಕೂಗು ಬಂತು. “ಟೂರಾ, ಉಪ್ಪು ಎಲ್ಲಿದೆ ಅಂದೆ ನೀನು?”

“ಬಂದೆ ಕಣೋ” ಎಂದು ಅವರು ಒಳಗೆ ಹೋದರು.